ಮಳೆ ಇಲ್ಲದೆ ಸರೋವರದ ಒಂದೇ ತುದಿಯಲ್ಲಿ ನೀರು ಏರುವುದು ಹೇಗೆ?

ಗಾಳಿಪಟ:
ಉತ್ತರ ಅಮೆರಿಕದ ಈರಿ ಸರೋವರದ ನೀರಿನ ಮಟ್ಟದ ಗ್ರಾಫ್ ನೋಡ್ತಾ ಕೂತಿದ್ದೆ. ಬಿರುಗಾಳಿ ಬಂದಾಗ ಪೂರ್ವದ ಬಫಲೋದಲ್ಲಿ ನೀರು 2 ಮೀಟರ್‌ಗೂ ಜಾಸ್ತಿ ಏರಿದೆ, ಅದೇ ಹೊತ್ತಿಗೆ ಪಶ್ಚಿಮದ ಟೊಲೀಡೊದಲ್ಲಿ ಇಳಿದಿದೆ. ಮಳೆಯಿಂದಾಗಿದ್ದರೆ ಎರಡೂ ಕಡೆ ಏರಬೇಕಿತ್ತು, ಅಲ್ವಾ? ಗಾಳಿ ನಿಂತ ಮೇಲೂ ಮಟ್ಟ ಮೇಲೆ ಕೆಳಗೆ ಆಡುತ್ತಲೇ ಇದೆ. ಇದು ಚಂದ್ರನಿಂದ ಆಗುವ ಉಬ್ಬರವಿಳಿತವಾ?

ಹರಿಗೋಲು:
ಚಂದ್ರನನ್ನು ಬಿಟ್ಟುಬಿಡಿ, ಅಲ್ಲಿನ ಉಬ್ಬರವಿಳಿತ 5 ಸೆಂಟಿಮೀಟರ್ ಕೂಡ ಇಲ್ಲ. ಇದೆಲ್ಲ ಗಾಳಿಯ ಕೆಲಸ. ಈರಿ ನೈಋತ್ಯದಿಂದ ಈಶಾನ್ಯಕ್ಕೆ ಸುಮಾರು 388 ಕಿ.ಮೀ. ಉದ್ದಕ್ಕೆ ಮಲಗಿದೆ, ಜೋರು ಗಾಳಿಯೂ ಹೆಚ್ಚಾಗಿ ಅದೇ ದಿಕ್ಕಿನಲ್ಲಿ ಬೀಸುತ್ತದೆ, ಹಾಗಾಗಿ ದಾರಿಯುದ್ದಕ್ಕೂ ನೀರನ್ನು ತಳ್ಳಿ ತಳ್ಳಿ ಬಫಲೋ ಕಡೆ ಗುಡ್ಡೆ ಹಾಕುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ತಳ್ಳುವ ಬಲ ಹೆಚ್ಚುಕಮ್ಮಿ ನಾಲ್ಕರಷ್ಟು. ಜೊತೆಗೆ ಈರಿ ಆಳ ಕಡಿಮೆ, ಸರಾಸರಿ 19 ಮೀಟರ್ ಅಷ್ಟೇ. ನೀರು ಎಷ್ಟು ತೆಳುವೋ ಅಷ್ಟು ಜಾಸ್ತಿ ಓರೆಯಾಗುತ್ತದೆ.

ಗಾಳಿ ನಿಂತಿತು ಅಂದರೆ ಏರಿದ ನೀರು ವಾಪಸ್ ಓಡುತ್ತದೆ, ಆದರೆ ಮಟ್ಟಕ್ಕೆ ಬಂದು ಸುಮ್ನೆ ನಿಲ್ಲುವುದಿಲ್ಲ, ಓಡಿದ ರಭಸಕ್ಕೆ ಆಚೆ ದಡ ಏರುತ್ತದೆ. ಈ ತೂಗಾಟಕ್ಕೆ ಸೇಶ್ ಅಂತಾರೆ. ಈರಿಯಲ್ಲಿ ನೀರು ಒಮ್ಮೆ ಹೋಗಿ ವಾಪಸ್ ಬರಲು ಸುಮಾರು 14 ಗಂಟೆ ಬೇಕು. 19ನೇ ಶತಮಾನದಲ್ಲಿ ಸ್ವಿಸ್ ವಿಜ್ಞಾನಿ ಫೊರೆಲ್ ಅಳೆದ ಜಿನೀವಾ ಸರೋವರದಲ್ಲಿ ಸುಮಾರು 73 ನಿಮಿಷ ಸಾಕು. ಅದು ಚಿಕ್ಕದು, ಬಹಳ ಆಳ ಕೂಡ, ಆಳದ ನೀರಿನಲ್ಲಿ ಇಂಥ ಉದ್ದನೆಯ ಅಲೆ ಬೇಗ ಓಡುತ್ತದೆ.

ಅಡಿನೀರು:
ಹರಿಗೋಲು ಹೇಳಿದ್ದು ಸರಿ, ಆದರೆ ಗಾಳಿ ಬೀಸುವಾಗ ಇಡೀ ಸರೋವರ ಒಂದೇ ಕಡೆ ಹರಿಯುತ್ತದೆ ಅಂದುಕೊಳ್ಳಬೇಡಿ. ಮೇಲ್ಪದರ ಗಾಳಿಯ ವೇಗದ ಶೇ. 2–3ರಷ್ಟು ವೇಗದಲ್ಲಿ ಸಾಗುತ್ತದೆ. ಆ ಕಡೆ ನೀರು ಏರಿದಂತೆ ಅದರ ಭಾರಕ್ಕೆ ಅಡಿಯಲ್ಲಿ ವಾಪಸ್ ಹರಿವು ಶುರುವಾಗುತ್ತದೆ. ದಡದ ಪಕ್ಕ, ಆಳ ಕಡಿಮೆ ಇರುವಲ್ಲಿ, ನೀರು ಗಾಳಿಯ ಜೊತೆ ಹೋದರೆ, ನಡುವಿನ ಆಳದಲ್ಲಿ ಎದುರು ದಿಕ್ಕಿಗೆ ಹರಿಯುತ್ತದೆ. ಒಟ್ಟಿನಲ್ಲಿ ಎರಡು ದೊಡ್ಡ ಸುಳಿ ಇದ್ದ ಹಾಗೆ. ಬೇಸಿಗೆಯಲ್ಲಿ ಇನ್ನೊಂದು ತಮಾಷೆ ಇದೆ: ಗಾಳಿ ಬರುವ ಕಡೆಯ ದಡದಲ್ಲಿ ಮೇಲಿನ ಬೆಚ್ಚಗಿನ ನೀರು ಸರಿದು, ಅಡಿಯ ತಣ್ಣೀರು ಮೇಲೆ ಬರುತ್ತದೆ. ನಿನ್ನೆ ಈಜಿದ ಜಾಗದಲ್ಲಿ ಇವತ್ತು ಕಾಲಿಟ್ಟರೆ ನಡುಕ!

ಗಾಳಿಪಟ:
ಹಾಗಾದರೆ ತೀರಾ ಆಳವಿಲ್ಲದ ಸರೋವರ ಅಪಾಯ ಅಲ್ವಾ?

ಹರಿಗೋಲು:
ಹೌದು. ಫ್ಲಾರಿಡಾದ ಓಕಿಚೋಬಿಯ ಸರಾಸರಿ ಆಳ 3 ಮೀಟರ್ ಕೂಡ ಇಲ್ಲ. 1928ರ ಚಂಡಮಾರುತದಲ್ಲಿ ಉತ್ತರದ ಗಾಳಿ ನೀರನ್ನು ದಕ್ಷಿಣಕ್ಕೆ ನೂಕಿ ಮಣ್ಣಿನ ಏರಿ ಒಡೆಯಿತು, ಸತ್ತವರು ಕನಿಷ್ಠ 2,500. ಆಮೇಲೆ ಗಾಳಿ ತಿರುಗಿದಾಗ ಉತ್ತರದ ದಡವೂ ಮುಳುಗಿತು.

ಗಾಳಿಪಟ:
ಈಗ ಬಫಲೋ, ಟೊಲೀಡೊ ಗ್ರಾಫ್‌ಗಳನ್ನು ಒಂದರ ಮೇಲೊಂದು ಇಟ್ಟೆ, ಒಂದು ಏರಿದಾಗ ಇನ್ನೊಂದು ಇಳಿದಿದೆ. ನಡುವಿನ ಊರುಗಳಲ್ಲಿ ಅಲ್ಲಾಟವೇ ಕಮ್ಮಿ. ಅಲ್ಲಿ ಏನೂ ನಡೆಯುವುದಿಲ್ವಾ?

ಅಡಿನೀರು:
ಮಟ್ಟ ಆಡುವುದು ಕಮ್ಮಿ, ಆದರೆ ತೂಗಾಟದ ಹರಿವು ಜೋರಾಗಿರುವುದು ಅಲ್ಲೇ. ಆ ತುದಿಯಿಂದ ಈ ತುದಿಗೆ ಹೋಗುವ ನೀರೆಲ್ಲ ನಡುವೆಯೇ ಹಾದುಹೋಗಬೇಕಲ್ಲ.