ಸೆಟಪ್‌ನಲ್ಲಿ ಯಾವ ಮೆಷಿನ್ ಆರಿಸಬೇಕು? ಹಲಗೆಗೆ ಕುತ್ತಿ ಬಿಟ್ ಮುರಿಯಿತು

ಪೆರ್ಲದ ಬಡಗಿ:
ನಮಸ್ಕಾರ. ಪೆರ್ಲದಲ್ಲಿ ಅಪ್ಪನ ಮರದ ಕೆಲಸದ ಶೆಡ್ಡು ಇದೆ. ಮನೆ ಹೆಸರಿನ ಬೋರ್ಡು ಕೆತ್ತಲು ಕಂಪ್ಯೂಟರ್ ಫೈಲಿನಿಂದ ಓಡುವ ಸಣ್ಣ ರೂಟರ್ ತಂದಿದ್ದೇನೆ. ಮೂರು ಆಕ್ಸಿಸ್, ಅದನ್ನು ಓಡಿಸುವುದು ಜಿಆರ್‌ಬಿಎಲ್ ಕಂಟ್ರೋಲರ್. ಓಟದ ತುದಿ ಗುರುತಿಸುವ ಲಿಮಿಟ್ ಸ್ವಿಚ್ ಇಲ್ಲ. ಇಲ್ಲಿ ಒಂದೇ ಹಲಗೆಯಲ್ಲಿ ಕನ್ನಡವೂ ಬೇಕು, ಮಲಯಾಳವೂ ಬೇಕು. ಆ ಗುಂಡು ಅಕ್ಷರಗಳನ್ನು ಕೈಯಲ್ಲಿ ಕೆತ್ತಲು ಅಪ್ಪನಿಗೆ ಎರಡು ದಿನ ಹಿಡಿಯುತ್ತದೆ.

ಬಿಟ್ ಓಡುವ ದಾರಿ ತಯಾರಿಸುವ ಫ್ಯೂಷನ್ ಸಾಫ್ಟ್‌ವೇರ್‌ನ ಸೆಟಪ್‌ನಲ್ಲಿ ಪಟ್ಟಿಯಲ್ಲಿದ್ದ ಒಂದು ವಿಎಂಸಿ (ಕಾರ್ಖಾನೆಯ ಮಿಲ್ಲಿಂಗ್ ಮೆಷಿನ್) ಆರಿಸಿದೆ. ಮೂರು ಆಕ್ಸಿಸ್ ಅಂದರೆ ಎಲ್ಲ ಒಂದೇ ಅಂದುಕೊಂಡಿದ್ದೆ. ಶುರುವಿನಲ್ಲೇ ಎರರ್ 20 ಬಂದು ನಿಂತಿತು. ಆಮೇಲೆ ಪೋಸ್ಟ್ (ಆ ದಾರಿಯನ್ನು ಕಂಟ್ರೋಲರ್‌ನ ಭಾಷೆಯಲ್ಲಿ ಬರೆಯುವ ಭಾಗ) ಮಾತ್ರ ಜಿಆರ್‌ಬಿಎಲ್‌ಗೆ ಬದಲಿಸಿದೆ. ಈ ಸಲ ಸ್ಪಿಂಡಲ್ ತಿರುಗುವ ಮೊದಲೇ ಬಿಟ್ ಸೀದಾ ಕೆಳಗಿಳಿದು ಹಲಗೆಗೆ ಕುತ್ತಿ ಮುರಿಯಿತು. ಅಜ್ಜ ಕೊಯ್ಯಿಸಿಟ್ಟ ಹಲಸಿನ ಹಲಗೆ ಅದು. ಅಂಥದ್ದು ಇನ್ನು ಮೂರೇ ಉಳಿದಿವೆ. ಎಲ್ಲಿ ತಪ್ಪಿದೆ, ದಯವಿಟ್ಟು ಹೇಳಿ.

ಹೊಸೂರು ಮಿಲ್ಲಿಂಗ್:
ಮೆಷಿನ್ ಆರಿಸಿದರೆ ಅದರ ಕಂಟ್ರೋಲರ್‌ನ ಭಾಷೆಯನ್ನೂ ಆರಿಸಿದ ಹಾಗೆ. ನಮ್ಮ ವಿಎಂಸಿಗಳಿಗೆ ಟೂಲ್ ಬದಲಿಸುವ ಎಂ6, ತೂತು ಕೊರೆಯುವ ಜಿ81 ಎಲ್ಲ ಗೊತ್ತು. ಜಿಆರ್‌ಬಿಎಲ್‌ಗೆ ಗೊತ್ತಿಲ್ಲ. ಎರರ್ 20 ಅಂದರೆ ಅದೇ.

ಬಿಟ್ ಮುರಿದದ್ದು ಜಿ28ರಿಂದ, ಅಂದರೆ ಗುರುತಿಟ್ಟ ಜಾಗಕ್ಕೆ ಹೋಗು ಅನ್ನುವ ಆಜ್ಞೆಯಿಂದ ಇರಬೇಕು. ಫೈಲಿನ ಮೊದಲ ಸಾಲುಗಳನ್ನು ನೋಡಿ. ಹೋಮಿಂಗ್ (ಸ್ವಿಚ್ ಮುಟ್ಟಿ ತನ್ನ ಸೊನ್ನೆ ಕಂಡುಕೊಳ್ಳುವುದು) ಇಲ್ಲದ ಮೆಷಿನ್‌ಗೆ, ಆನ್ ಮಾಡಿದಾಗ ಬಿಟ್ ಎಲ್ಲಿತ್ತೋ ಅದೇ ಸೊನ್ನೆ. ಬೇರೆ ಜಾಗ ಸೆಟ್ ಮಾಡದಿದ್ದರೆ ಜಿ28 ಅಲ್ಲಿಗೇ ಎಳೆಯುತ್ತದೆ. ಆನ್ ಮಾಡುವಾಗ ಬಿಟ್ ಕೆಳಗಿತ್ತಾ?

ಪೋಸ್ಟ್ ಪ್ರಾಪರ್ಟಿಯಲ್ಲಿ ಸೇಫ್ ರಿಟ್ರಾಕ್ಟ್ ಅಂತ ಇದೆ, ಬಿಟ್ ಹೇಗೆ ಮೇಲೆತ್ತಬೇಕು ಅನ್ನುವುದಕ್ಕೆ. ಅದನ್ನು ಕ್ಲಿಯರೆನ್ಸ್ ಹೈಟ್‌ಗೆ (ಹಲಗೆಗೆ ತಾಗದ ಎತ್ತರ) ಹಾಕಿ, ಆಗ ಜಿ28 ಬರುವುದಿಲ್ಲ.

ಪೆರ್ಲದ ಬಡಗಿ:
ಹೌದು ಸರ್! ಹಿಂದಿನ ರಾತ್ರಿ ಕರೆಂಟ್ ಹೋದಾಗ ಬಿಟ್ ಕೆಳಗೇ ನಿಂತಿತ್ತು. ಬೆಳಿಗ್ಗೆ ಹಾಗೇ ಆನ್ ಮಾಡಿ, ಆಮೇಲೆ ಮೇಲೆತ್ತಿ ದಪ್ಪ ಹಲಗೆ ಇಟ್ಟೆ. ಫೈಲಿನ ಶುರುವಿನಲ್ಲಿ ಜಿ28 ಇದೆ.

ಉಪ್ಪಳ ಟಿಂಬರ್:
ಸ್ಟಾಕ್, ಅಂದರೆ ಕೆತ್ತುವ ಹಲಗೆಯ ಅಳತೆಯನ್ನೂ ನೋಡಿ ಮಾರಾಯ್ರೆ. ಮಿಲ್ಲಿನ ಹಲಗೆ ಒಂದು ತುದಿಯಲ್ಲಿ 25 ಮಿ.ಮೀ. ಇದ್ದರೆ ಇನ್ನೊಂದು ತುದಿಯಲ್ಲಿ 23 ಇರುತ್ತದೆ. ಮೊದಲು ಕೀಸುಳಿ ಹಾಕಿ ಸಮ ಮಾಡಿ. ಅಕ್ಷರ ಕೆತ್ತಲು ಝಡ್ ಸೊನ್ನೆ, ಅಂದರೆ ಎತ್ತರ ಅಳೆಯಲು ಶುರು ಮಾಡುವ ಜಾಗ, ಹಲಗೆಯ ಮೇಲ್ಮೈಯಲ್ಲಿ ಇರಲಿ. ಅಂಚು ಪೂರ್ತಿ ಕತ್ತರಿಸಲು ಬೇರೆ ಸೆಟಪ್ ಮಾಡಿ, ಸೊನ್ನೆಯನ್ನು ಹಲಗೆಯ ಅಡಿಗೆ ಕೊಡಿ. ಆಗ ದಪ್ಪ ಹೆಚ್ಚುಕಮ್ಮಿಯಾದರೂ ಮೆಷಿನ್‌ನ ಬೆಡ್ ಉಳಿಯುತ್ತದೆ. ನಡುವೆ ಮೆಷಿನ್‌ನಲ್ಲೂ ಝಡ್ ಮತ್ತೆ ಮುಟ್ಟಿಸಲು ಮರೆಯಬೇಡಿ.

ಪೆರ್ಲದ ಬಡಗಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಲೈಬ್ರರಿಯಿಂದ ಸಾದಾ ಮೂರು ಆಕ್ಸಿಸ್ ಮೆಷಿನ್ ತೆಗೆದು, ನನ್ನ ರೂಟರ್ ಓಡುವ ಅಳತೆ ಹಾಕಿ, ಜಿಆರ್‌ಬಿಎಲ್ ಪೋಸ್ಟ್ ಜೋಡಿಸಿ ಸೇವ್ ಮಾಡಿದೆ. ಇವತ್ತು 20 ಮಿ.ಮೀ. ಮೇಲೆ ಗಾಳಿಯಲ್ಲೇ ಪೂರ್ತಿ ಓಡಿಸಿದೆ. ಅಪ್ಪ ಮುಗಿಯುವವರೆಗೆ ಪಕ್ಕದಲ್ಲೇ ನಿಂತಿದ್ದರು. ಆಮೇಲೆ ಮಾವಿನ ತುಂಡಿನಲ್ಲಿ ಕೆತ್ತಿದೆ, ಚೆನ್ನಾಗಿ ಬಂತು. ‘ಳ’ದ ಒಳಸುತ್ತಿಗೆ ಮಾತ್ರ 6 ಮಿ.ಮೀ. ಬಿಟ್ ಹೋಗುವುದಿಲ್ಲ. 3 ಮಿ.ಮೀ. ತಂದ ಮೇಲೆ ಹಲಸಿನ ಹಲಗೆ ಇಡುತ್ತೇನೆ.