ಪದಚರ್ಚೆ: ‘ಕಳಚುವ’ ಮ್ಯಾಗಜೀನೋ, ‘ಬಿಚ್ಚುವ’ ಮ್ಯಾಗಜೀನೋ?

ಪ್ರಶ್ನೆ, ಬೀದರ್‌ನಿಂದ

ಬಲ್ಲವರಿಗೆ ನಮಸ್ಕಾರ. ಅಮೆರಿಕದ ಬೇಟೆ ರೈಫಲ್‌ಗಳ ಕುರಿತ ಒಂದು ತಾಂತ್ರಿಕ ಲೇಖನ ಕನ್ನಡಕ್ಕೆ ಬರಬೇಕಾಗಿದೆ. ಒಡಲಲ್ಲೇ ಕೂತ ಮ್ಯಾಗಜೀನ್ (ಬಂದೂಕಿಗೆ ಗುಂಡು ಒದಗಿಸುವ ಡಬ್ಬಿ) ಇರುವ ಸೆಮಿ ಆಟೊಮ್ಯಾಟಿಕ್ ರೈಫಲನ್ನು ಡಿಟ್ಯಾಚಬಲ್ ಮ್ಯಾಗಜೀನ್ ಬಳಸುವಂತೆ ಬದಲಿಸುವುದು ಅದರ ವಿಷಯ. ಯಂತ್ರಾನುವಾದದ ಕರಡಿನಲ್ಲಿ ‘ತೆಗೆಯಬಹುದಾದ ನಿಯತಕಾಲಿಕೆ’ ಎಂದು ಬಂದಿದೆ. ಅದನ್ನು ಹೊಡೆದುಹಾಕಿದ್ದಾಗಿದೆ, ಆ ಜಾಗಕ್ಕೆ ಏನು ಬರೆಯಬೇಕೆಂಬುದು ತಿಳಿಯುತ್ತಿಲ್ಲ. ಕ್ಲಿಪ್, ಮ್ಯಾಗಜೀನ್ ಎರಡಕ್ಕೂ ‘ಗುಂಡಿನ ಪೆಟ್ಟಿಗೆ’ ಎಂದರೆ ಸಾಕೇ? ಟ್ರಿಗರ್‌ಗೆ ‘ಕುದುರೆ’ ಸರಿಯೇ? ಕನ್ವರ್ಷನ್ ಅಂದರೆ ‘ದುರಸ್ತಿ’ ಎನ್ನಬಹುದೇ? ನಮ್ಮ ಕಡೆಯ ಮಾತಿನಲ್ಲಿ ಪದಗಳಿದ್ದರೆ ಅವೇ ಬೇಕು.

ಉತ್ತರ, ಕಲಬುರಗಿಯಿಂದ

ಮೇಡಂ ಅವರಿಗೆ ನಮಸ್ಕಾರ. ‘ಮ್ಯಾಗಜೀನ್’ ಹಾಗೇ ಇರಲಿ. ಪೊಲೀಸರ ಬಾಯಲ್ಲೂ ಪತ್ರಿಕೆಗಳಲ್ಲೂ ಅದು ಬೇರೂರಿದೆ. ಅಲ್ಲದೆ ಅದು ನಮಗೆ ಅಷ್ಟೇನೂ ಪರಕೀಯವಲ್ಲ. ಅರಬಿಯಲ್ಲಿ ಉಗ್ರಾಣಕ್ಕೆ ಮಖ್ಜನ್, ಬಹುವಚನದಲ್ಲಿ ಮಖಾಜಿನ್. ಅದೇ ಇಟಲಿ, ಫ್ರಾನ್ಸ್ ದಾಟಿ ಇಂಗ್ಲಿಷಿಗೆ ಬಂತು. ನಮ್ಮ ‘ಖಜಾನೆ’ಯೂ ಅದೇ ಬೇರಿನದು. ಕೋಟೆಯ ಮದ್ದಿನ ಮನೆಯನ್ನು ಇಂಗ್ಲಿಷರು ಮ್ಯಾಗಜೀನ್ ಎಂದು ಕರೆದದ್ದೂ ಉಗ್ರಾಣ ಎಂಬ ಅರ್ಥದಿಂದಲೇ. ‘ಗುಂಡಿನ ಪೆಟ್ಟಿಗೆ’ ಎಂದು ಬರೆದರೆ ಓದುವವರಿಗೆ ತೋಟೆಗಳನ್ನು (ಕಾರ್ಟ್ರಿಜ್) ಅಂಗಡಿಯಿಂದ ತಂದ ರಟ್ಟಿನ ಡಬ್ಬಿ ಕಣ್ಣಿಗೆ ಬರುತ್ತದೆ.

ಕ್ಲಿಪ್ ಮತ್ತು ಮ್ಯಾಗಜೀನ್ ಒಂದಾಗಲು ಬಿಡಬೇಡಿ. ತೋಟೆಗಳನ್ನು ತಳದಲ್ಲಿ ಕಚ್ಚಿ ಹಿಡಿಯುವ ತಗಡಿನ ಪಟ್ಟಿ ಕ್ಲಿಪ್. ತೋಟೆಗಳನ್ನು ಒಳಗಿಟ್ಟುಕೊಂಡು ಒಂದೊಂದಾಗಿ ಮೇಲಕ್ಕೆ ದೂಡುವ ಡಬ್ಬಿ ಮ್ಯಾಗಜೀನ್, ಅದರಲ್ಲಿ ಕಮಾನು ಇರುತ್ತದೆ. ಹಳೆಯ ಮೌಸರ್ ರೈಫಲ್‌ನಲ್ಲಿ 5 ತೋಟೆಗಳ ಪಟ್ಟಿಯನ್ನು ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದರೆ ತೋಟೆ ಒಳಗಿಳಿಯುತ್ತದೆ, ಪಟ್ಟಿ ಹೊರಗೇ ಉಳಿಯುತ್ತದೆ. ಅಮೆರಿಕದ ಎಂ1 ಗ್ಯಾರಂಡ್‌ನಲ್ಲಿ ಹಾಗಲ್ಲ. 8 ತೋಟೆಗಳ ಕ್ಲಿಪ್ ತೋಟೆಗಳ ಸಮೇತ ಒಳಗೆ ಹೋಗುತ್ತದೆ, ಕೊನೆಯ ಗುಂಡು ಹಾರಿದ ಮೇಲೆ ಖಾಲಿ ಕ್ಲಿಪ್ ಹೊರಗೆ ಚಿಮ್ಮುತ್ತದೆ. ಎರಡಕ್ಕೂ ಮ್ಯಾಗಜೀನ್ ಉಂಟು, ಎರಡರಲ್ಲೂ ಅದು ಒಡಲಿನ ಭಾಗ. ಕ್ಲಿಪ್‌ಗೆ ‘ತೋಟಾ ಪಟ್ಟಿ’ ಎನ್ನಬಹುದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ‘ಕಳಚು’, ‘ಬಿಚ್ಚು’ ಇವೆರಡರ ಅಂತರವನ್ನು ಕನ್ನಡ ಚೆನ್ನಾಗಿ ಕಾಯ್ದುಕೊಂಡಿದೆ. ಬಳೆ ಕಳಚುತ್ತೇವೆ, ಮೋಟರ್ ಬಿಚ್ಚುತ್ತೇವೆ. ಇಡಿಯಾಗಿ ಕೈಗೆ ಬರುವುದು ಕಳಚುವುದು, ಗಂಟು, ಸ್ಕ್ರೂ, ಜೋಡಣೆ ಸಡಿಲಿಸಿದ ಮೇಲೆ ಬರುವುದು ಬಿಚ್ಚುವುದು. ಲೇಖನಕ್ಕೆ ಬೇಕಾಗಿರುವುದು ಇದೇ ಅಂತರ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಫಿಕ್ಸೆಡ್ ಮ್ಯಾಗಜೀನ್ ಎಂದರೆ ರೈಫಲ್‌ನ ಆ್ಯಕ್ಷನ್ (ತೋಟೆ ತುಂಬಿ ಹೊಡೆಯುವ ಯಂತ್ರಭಾಗ) ಬಿಚ್ಚದೆ ಹೊರಗೆ ಬಾರದ ಮ್ಯಾಗಜೀನ್. ಹಿಡಿದಿಡುವ ಕೊಕ್ಕೆ, ಅಂದರೆ ಖಟಕಾ, ಒತ್ತಿದರೆ ಬರುವುದು ‘ಕಳಚುವ ಮ್ಯಾಗಜೀನ್’, ಬರದೆ ಉಳಿಯುವುದು ‘ಒಡಲ ಮ್ಯಾಗಜೀನ್’ ಅಥವಾ ‘ಕೂರಿಸಿದ ಮ್ಯಾಗಜೀನ್’. ‘ತೆಗೆಯಬಹುದಾದ’ ಎಂದು ಬರೆದರೆ ಎರಡೂ ಬೆರೆತುಹೋಗುತ್ತವೆ, ಸ್ಕ್ರೂಡ್ರೈವರ್ ಇದ್ದರೆ ಯಾವುದನ್ನಾದರೂ ತೆಗೆಯಬಹುದಲ್ಲ!

ಒಂದು ಎಚ್ಚರಿಕೆ. ಕಳಚುತ್ತದೆ ಎಂದಮಾತ್ರಕ್ಕೆ ತುಂಬುವಾಗ ಕಳಚಲೇಬೇಕು ಎಂದಲ್ಲ. ನಮ್ಮ ಪೊಲೀಸರ ಕೈಯಲ್ಲಿ ಬಹುಕಾಲ ಇದ್ದ .303 ಲೀ ಎನ್‌ಫೀಲ್ಡ್‌ನ 10 ತೋಟೆಗಳ ಮ್ಯಾಗಜೀನ್ ಕಳಚುತ್ತದೆ. ಆದರೆ ರೂಢಿಯಲ್ಲಿ ಅದನ್ನು ಅಲ್ಲೇ ಬಿಟ್ಟು 5-5ರ ತೋಟಾ ಪಟ್ಟಿಯಿಂದ ಮೇಲಿನಿಂದ ತುಂಬುತ್ತಿದ್ದರು, ಕಳಚುತ್ತಿದ್ದುದು ಹೆಚ್ಚಾಗಿ ಸ್ವಚ್ಛ ಮಾಡಲು. ಬ್ರೌನಿಂಗ್ ಕಂಪನಿಯ ಬಾರ್ ಎಂಬ ಬೇಟೆ ರೈಫಲ್‌ನಲ್ಲಿ ಮ್ಯಾಗಜೀನು ಕೆಳಗಿನ ಕೀಲುಮುಚ್ಚಳಕ್ಕೆ ಅಂಟಿಕೊಂಡಿರುತ್ತದೆ. ಮುಚ್ಚಳ ತೆರೆದರೆ ಅದರ ಜತೆ ಕೆಳಗಿಳಿಯುತ್ತದೆ, ಬೇಕಾದರೆ ಮುಚ್ಚಳದಿಂದ ಕಳಚಿಯೂ ಬರುತ್ತದೆ. ಇಂಥ ಕಡೆ ಒಂದೇ ಪದ ಸಾಲದು. ‘ಕೀಲುಮುಚ್ಚಳದ ಮೇಲೆ ಕೂತ, ಕಳಚುವ ಮ್ಯಾಗಜೀನ್’ ಎಂದು ಬಿಡಿಸಿ ಬರೆಯಿರಿ, ಉದ್ದವಾದರೆ ಆಗಲಿ.

ಭಾಗಗಳ ಹೆಸರಿಗೆ ನಮ್ಮ ಕಡೆ ಪದಗಳಿಗೆ ಬರವಿಲ್ಲ. ಮ್ಯಾಗಜೀನನ್ನು ಹಿಡಿದು ನಿಲ್ಲಿಸುವ ಕೊಕ್ಕೆಗೆ ‘ಖಟಕಾ’. ಸ್ಪ್ರಿಂಗಿಗೆ ‘ಕಮಾನು’ ಅಥವಾ ಉರ್ದುವಿನ ‘ಕಮಾನಿ’. ತೋಟೆಗಳನ್ನು ಮೇಲೆತ್ತುವ ತಟ್ಟೆಗೆ ಫಾಲೋವರ್ ಎನ್ನುತ್ತಾರೆ, ‘ಎತ್ತುತಟ್ಟೆ’ ಎಂದರೆ ಕೆಲಸ ಹೆಸರಲ್ಲೇ ಇರುತ್ತದೆ. ಮೇಲಿನ ತೋಟೆಯನ್ನು ತಡೆದಿಡುವ ಎರಡು ಬಾಗಿದ ಅಂಚುಗಳು ‘ತುಟಿ’. ಮ್ಯಾಗಜೀನ್ ತೂರುವ ಪೊಳ್ಳಿಗೆ ‘ಗೂಡು’. ತೋಟೆಗೆ ಮರಾಠಿ ಗಡಿಯಲ್ಲಿ ‘ಕಾಡತೂಸ’, ಉರ್ದು ಮಾತಿನಲ್ಲಿ ‘ಕಾರತೂಸ್’. ಯಾವುದನ್ನು ಹಿಡಿದರೂ ಕೊನೆತನಕ ಅದನ್ನೇ ಹಿಡಿಯಿರಿ. ‘ಗುಂಡು’ ಮಾತ್ರ ನಳಿಗೆಯಿಂದ ಹೊರಗೆ ಹಾರುವ ಸೀಸದ ತುದಿಗೇ ಮೀಸಲಿರಲಿ. ಮದ್ದು, ಅದಕ್ಕೆ ಕಿಡಿ ಕೊಡುವ ಕೇಪು, ಗುಂಡು ಎಲ್ಲ ಸೇರಿದ ಇಡೀ ಸರಕು ತೋಟೆ. ಪತ್ರಿಕೆಗಳ ‘ಜೀವಂತ ಗುಂಡು’ ಈ ಲೇಖನಕ್ಕೆ ಬೇಡ.

ಲೇಖನದಲ್ಲಿ ಕೆಡುಕುಗಳ ಭಾಗ ಇದ್ದೇ ಇರುತ್ತದೆ. ಅಲ್ಲಿ ಎಲ್ಲದಕ್ಕೂ ‘ಜಾಮ್ ಆಯಿತು’ ಎಂದರೆ ಅನುವಾದ ಕೆಟ್ಟಂತೆ, ಒಂದೊಂದು ಕೆಡುಕಿಗೂ ಕಾರಣ ಬೇರೆ. ಕಮಾನು ಸೋತರೆ ತೋಟೆ ಸಕಾಲಕ್ಕೆ ಏರುವುದಿಲ್ಲ, ತೋಟೆಯನ್ನು ಮುಂದಕ್ಕೆ ದೂಡುವ ಬೋಲ್ಟ್ ಬರಿದೇ ಮುಂದೆ ಹೋಗಿ ಖಾಲಿ ಕೋಣೆಯ (ನಳಿಗೆಯ ಹಿಂಬದಿಯಲ್ಲಿ ತೋಟೆ ಕೂರುವ ಜಾಗ) ಮೇಲೆ ಮುಚ್ಚಿಕೊಳ್ಳುತ್ತದೆ. ಇದಕ್ಕೆ ‘ಏರದಿರುವುದು’. ತುಟಿ ಅಗಲವಾಗಿದ್ದರೆ ಎರಡು ತೋಟೆ ಒಟ್ಟಿಗೆ ನುಗ್ಗುತ್ತವೆ. ಇದಕ್ಕೆ ‘ಜೋಡಿ ಏರುವುದು’. ಎತ್ತುತಟ್ಟೆ ಮುಂದಕ್ಕೆ ವಾಲಿದರೆ ತೋಟೆಯ ಮೂತಿ ತಗ್ಗಿ ಕೋಣೆಯ ಬಾಯಿಯ ಕೆಳಗೆ ಬಡಿಯುತ್ತದೆ. ಇದಕ್ಕೆ ‘ಮೂತಿ ಕುಕ್ಕುವುದು’. ಖಟಕಾ ಸವೆದು ಮ್ಯಾಗಜೀನ್ ಕೂದಲೆಳೆ ಕೆಳಗೆ ಕೂತರೂ ಬೋಲ್ಟ್ ತೋಟೆಯ ತಳವನ್ನು ಹಿಡಿಯದೆ ಮೇಲಿಂದ ಜಾರುತ್ತದೆ. ಇದು ‘ಕೂರದಿರುವುದು’, ತಪ್ಪು ಮ್ಯಾಗಜೀನಿನದಲ್ಲ, ಖಟಕಾದ್ದು. ಕ್ರಿಯಾಪದ ಸರಿಯಿದ್ದರೆ ಯಾವ ಭಾಗ ನೋಡಬೇಕೆಂಬುದು ಓದುಗರಿಗೆ ತಾನೇ ಹೊಳೆಯುತ್ತದೆ.

ಉತ್ತರ, ಸುರಪುರದಿಂದ

ಮೇಲಿನ ಪದಗಳಿಗೆ ನನ್ನ ಒಪ್ಪಿಗೆ ಇದೆ, ಕುದುರೆಯ ಬಗ್ಗೆ ಮಾತ್ರ ಎರಡು ಮಾತು. ಉರ್ದುವಿನ ಘೋಡಾ, ನಮ್ಮ ಕುದುರೆ ಎರಡೂ ಮೂಲದಲ್ಲಿ ಕೇಪಿನ ಮೇಲೆ ಬಡಿಯುವ ಸುತ್ತಿಗೆಗೆ ಸಲ್ಲುವ ಹೆಸರು. ಬೆರಳಿನಿಂದ ಎಳೆಯುವುದಕ್ಕೆ ಉರ್ದುವಿನಲ್ಲಿ ಬೇರೆಯೇ ಪದವಿದೆ, ಲಬ್ಲಬಿ. ಕನ್ನಡದ ಆಡುಮಾತಿನಲ್ಲಿ ‘ಕುದುರೆ ಎಳೆ’ ಎಂದು ಎರಡಕ್ಕೂ ಹರಡಿದೆ. ಹೊರಗೆ ಸುತ್ತಿಗೆ ಕಾಣುವ ಹಳೆಯ ಕೇಪಿನ ಬಂದೂಕಿನಲ್ಲಿ ಅದರಿಂದ ತೊಂದರೆಯಿಲ್ಲ. ಸೆಮಿ ಆಟೊಮ್ಯಾಟಿಕ್‌ನಲ್ಲಿ ಸುತ್ತಿಗೆ ಒಳಗಿರುತ್ತದೆ, ಪ್ರತಿ ಹೊಡೆತಕ್ಕೂ ಬೋಲ್ಟ್ ಹಿಂದೆ ಬಂದು ಅದನ್ನು ತಾನೇ ಮಡಚುತ್ತದೆ, ಬೆರಳು ಮಾತ್ರ ಪ್ರತಿ ಸಲ ಹೊಸದಾಗಿ ಎಳೆಯಬೇಕು. ಆ ವಾಕ್ಯದಲ್ಲಿ ಎರಡೂ ಭಾಗ ಬರುವುದರಿಂದ ಸುತ್ತಿಗೆಗೆ ‘ಕುದುರೆ’, ಬೆರಳಿನದಕ್ಕೆ ‘ಟ್ರಿಗರ್’ ಎಂದು ಬೇರ್ಪಡಿಸಿ.

ಕನ್ವರ್ಷನ್‌ಗೆ ‘ದುರಸ್ತಿ’ ಖಂಡಿತ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಲ್ಲಿ ತಯಾರಿಕೆ, ಮಾರ್ಪಾಟು, ದುರಸ್ತಿ ಬೇರೆ ಬೇರೆಯಾಗಿಯೇ ಹೆಸರಿಸಲ್ಪಟ್ಟಿವೆ. ಕೆಟ್ಟದ್ದನ್ನು ಮೊದಲಿನಂತೆ ಮಾಡುವುದು ದುರಸ್ತಿ. ಒಡಲ ಮ್ಯಾಗಜೀನಿನ ರೈಫಲನ್ನು ಕಳಚುವ ಮ್ಯಾಗಜೀನಿನದಾಗಿ ಮಾಡುವುದು ‘ಮಾರ್ಪಾಟು’. ಅದೇ ಕಾಯ್ದೆಯಲ್ಲಿ ಆಯುಧದ ಬಿಡಿಭಾಗಗಳೂ ಆಯುಧ ಎಂಬ ಪದದೊಳಗೇ ಬರುತ್ತವೆ. ‘ರಿಪೇರಿ ಮಾಡಿಕೊಳ್ಳಿ’ ಎಂಬ ಧಾಟಿಯ ಕನ್ನಡ ಓದಿ ಯಾರಾದರೂ ಕುಲುಮೆಗೆ ಹೋದರೆ ಜೈಲಿನ ದಾರಿ ತೋರಿದಂತಾಗುತ್ತದೆ.

‘ಬೇಟೆ ರೈಫಲ್’ ಎಂಬುದನ್ನು ಇಟ್ಟುಕೊಳ್ಳಿ, ಅದು ಅಲ್ಲಿನ ವಸ್ತುವಿನ ಹೆಸರು. ಆದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ನಮ್ಮಲ್ಲಿ ಮೋಜಿನ ಬೇಟೆಗೆ ಅವಕಾಶವಿಲ್ಲ. ಹೊಲ ಕಾಯಲೆಂದು ಶಸ್ತ್ರಾಸ್ತ್ರ ಕಾಯ್ದೆ ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು. ಹಾಗಾಗಿ ‘ಬೆಳೆ ಕಾವಲಿನ ಬಂದೂಕು’ ಎಂದು ಸ್ಥಳೀಯಗೊಳಿಸಲು ಹೋಗಬೇಡಿ. ಅಮೆರಿಕದ ನಿಯಮ ಎಲ್ಲಿ ಬಂದರೂ ಅದು ಯಾವ ರಾಜ್ಯದ್ದೆಂದು ಅದೇ ವಾಕ್ಯದಲ್ಲಿ ಹೇಳಿ. ಅಡಿಟಿಪ್ಪಣಿಗೆ ತಳ್ಳಿದರೆ ಯಾರೂ ಓದುವುದಿಲ್ಲ.