'ಬಿಸಿನೀರಿನ ಫಿಟ್ಸ್'ಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಹಾಸನದ ನರರೋಗ ತಜ್ಞರೊಬ್ಬರು ಬಿಡುವಾದಾಗ ಹಳ್ಳಿಗಳಿಗೆ ಹೋಗಿ ಮಿದುಳಿನ ಕಾಯಿಲೆಗಳ ಬಗ್ಗೆ ಜನರ ಜತೆ ಮಾತಾಡುತ್ತಾರೆ. ಅವರಿಗೆ ಕರಪತ್ರ ಬರೆದುಕೊಡುತ್ತಿದ್ದೇನೆ. ಒಂದು ಪದ ಸತಾಯಿಸುತ್ತಿದೆ.

ತಲೆಗೆ ಬಿಸಿನೀರು ಹಾಕಿಕೊಳ್ಳುವಾಗ ಬರುವ ಫಿಟ್ಸ್ ಒಂದಿದೆ. ನಮ್ಮ ದಕ್ಷಿಣ ಕರ್ನಾಟಕದಲ್ಲಿ ಇದು ಜಾಸ್ತಿ. ಡಾ. ಕೆ.ಎಸ್. ಮಣಿ 1970ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು. ಹಂಡೆಯಿಂದ ಸುಡುನೀರು ಮೊಗೆದು ಚೊಂಬಿನ ಮೇಲೆ ಚೊಂಬು ತಲೆಗೆ ಸುರಿದುಕೊಳ್ಳುವ ನಮ್ಮ ಅಭ್ಯಾಸಕ್ಕೂ ಇದಕ್ಕೂ ನಂಟಿದೆ.

ಹಳೇ ಕರಪತ್ರದಲ್ಲಿ 'ಉಷ್ಣಜಲ ಅಪಸ್ಮಾರ' ಅಂತಿದೆ. ಯಾವುದೋ ತೈಲದ ಹೆಸರಿದ್ದ ಹಾಗಿದೆ, ಅಲ್ವಾ? 'ಮೂರ್ಛೆರೋಗ' ಜನಕ್ಕೆ ಗೊತ್ತು. ಆದರೆ ಮೂರ್ಛೆ ಅಂದರೆ ದೊಪ್ಪನೆ ಬಿದ್ದು ಕೈಕಾಲು ಒದರಬೇಕು ಅಂತಲೇ ಅವರ ಲೆಕ್ಕ. ಈ ಕಾಯಿಲೆಯಲ್ಲಿ ಎಷ್ಟೋ ಜನ ಬೀಳುವುದೇ ಇಲ್ಲ. ಚೊಂಬು ಹಿಡಿದುಕೊಂಡು ಮಂಕಾಗಿ ಕೂರುತ್ತಾರೆ, ಒಂದೇ ಕಡೆ ದಿಟ್ಟಿಸುತ್ತಾರೆ, ಏನೇನೋ ತೊದಲುತ್ತಾರೆ. ಕೆಲವರು ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಮನೆಯವರು ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸುತ್ತಾರೆ. 'ಮೂರ್ಛೆ' ಅಂತ ಬರೆದರೆ ಇಂಥವರು ಇದು ನಮಗಲ್ಲ ಅಂತ ಚೀಟಿ ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ.

'ಫಿಟ್ಸ್' ಹಳ್ಳಿ ಬಾಯಲ್ಲಿ 'ಪಿಡ್ಸ್' ಆಗಿ ಎಂದೋ ಒಗ್ಗಿಹೋಗಿದೆ. ಸುಮ್ನೆ 'ಬಿಸಿನೀರಿನ ಫಿಟ್ಸ್' ಅಂತ ಬರೆಯೋಣ ಅನ್ನೋದು ನನ್ನ ವಾದ. ಡಾಕ್ಟರು ಮಾತ್ರ ಕನ್ನಡದ್ದೇ ಪದ ಇರಲಿ ಅಂತಾರೆ. ಅಪಸ್ಮಾರ ಯಾವ ಊರ ಕನ್ನಡ ಸಾರ್ ಅಂತ ಕೇಳಿದೆ, ನಕ್ಕರು. (ಅವರನ್ನೂ ಜನ ಕರೆಯೋದು 'ನರದ ಡಾಕ್ಟ್ರು' ಅಂತ. ಕುತ್ತಿಗೆ ಉಳುಕಿದವರೂ ಬಂದು ಸಾಲಲ್ಲಿ ನಿಲ್ಲುತ್ತಾರೆ.)

ಅರಸೀಕೆರೆ, ಬೇಲೂರು, ಸಕಲೇಶಪುರದ ಕಡೆಯವರು ಹೇಳಿ: ಸ್ನಾನ ಮಾಡುವಾಗ ಬರುವ ಇದಕ್ಕೆ ಮನೆಮಾತಿನಲ್ಲಿ ಬೇರೆ ಹೆಸರಿದೆಯಾ? ಹಿರಿಯರು ಮೂರ್ಛೆರೋಗಕ್ಕೆ 'ಮಲರೋಗ' ಅನ್ನುವುದು ಈಗಲೂ ಕಿವಿಗೆ ಬೀಳುತ್ತಾ?

ಇನ್ನೊಂದು. ಇಂಥವರು ತಲೆಗೆ ಉಗುರುಬೆಚ್ಚಗಿನ ನೀರನ್ನೇ ಹಾಕಿಕೊಳ್ಳಬೇಕು, ಅದೂ ನಿಧಾನಕ್ಕೆ. 'ಉಗುರುಬೆಚ್ಚಗೆ' ಅಂದರೆ ಎಷ್ಟು ಬಿಸಿ ಅಂತ ನಿಮ್ಮೂರಿನವರಿಗೆ ಥಟ್ಟನೆ ಗೊತ್ತಾಗುತ್ತಾ, ಅಥವಾ ಬೇರೆ ಮಾತು ಹಾಕಲಾ?